ಬಂದೀಪುರದ ಬಿಳಿ ಗುಡ್ಡ

ಎಲ್ಲದಕ್ಕೂ ಕಾರಣ ಒಂದು ಕ್ಯಾಲೆಂಡರು. ಶಹಾಪುರದ ಬಜಾರಿನಲ್ಲಿ ಹಂಪಣ್ಣನ ಪಾತ್ರೆ-ಭಾಂಡೆ ಅಂಗಡಿ ಇದೆಯಲ್ಲ, ಅಲ್ಲಿ ಗಲ್ಲಾದ ಮೇಲ್ಗಡೆ ಅದು ತೂಗುತ್ತಿತ್ತು. ಗುಡ್ಡದ ನೆತ್ತಿಯ ಮೇಲೊಂದು ಹಳೆಯ ಊರು, ಇಟ್ಟಿಗೆ ಮನೆಗಳು, ಅವುಗಳ ಹಿಂದೆ ಬೆಳ್ಳಗಿನ ಹಿಮದ ಬೆಟ್ಟ. ವರ್ಷ ಮುಗಿದರೂ ಹೆಂಡತಿ ಸೂಗಮ್ಮ ಅದನ್ನು ತೆಗೆಯಗೊಡಲಿಲ್ಲ. "ಇದು ಖರೇನ ಹಿಂಗ ಇರ್ತದೇನ್ರಿ?" ಎಂದು ಒಂದು ದಿನ ಕೇಳಿದಳು. ಗಿರಾಕಿಗೆ ಕೊಡ ತೋರಿಸುವ ಗಡಿಬಿಡಿಯಲ್ಲಿ ಹಂಪಣ್ಣ, "ಒಮ್ಮೆ ತೋರಸ್ತೀನಿ ತಗೋ" ಎಂದುಬಿಟ್ಟ. ಸೀರೆ, ಬಂಗಾರ ಏನನ್ನೂ ಕೇಳದ ಹೆಂಗಸು ಅವಳು. ಇದೊಂದನ್ನು ಮಾತ್ರ ಮರೆಯಲಿಲ್ಲ.

ಹಾಗಾಗಿ ಓಣಿಯವರೆಲ್ಲ ಬಸ್ಸು ಮಾಡಿಕೊಂಡು ಕಾಶಿ, ಪಶುಪತಿನಾಥ ಎಂದು ಹೊರಟಾಗ ಹಂಪಣ್ಣ ಮಾಡಬಾರದ ಕೆಲಸ ಮಾಡಿದ. ಕಠ್ಮಂಡುವಿನಲ್ಲಿ ಬಜಾರಿಗೆಂದು ಇಟ್ಟುಕೊಂಡ ದಿನವನ್ನು ಬೇಡಿ ಇಸಿದುಕೊಂಡ. "ಕ್ಯಾಲೆಂಡರದಾಗಿನ ಊರು, ಬಂದೀಪುರ ಅಂತ ಅದರಿ. ನೇವಾರ ಅನ್ನೋ ವ್ಯಾಪಾರಿ ಮಂದಿ ಕಟ್ಟಿದ ಹಳೇ ಊರು. ಕಟ್ಟಿ ಮ್ಯಾಲ ಕುಂತರ ಹಿಮಾಲಯ ಕಾಣ್ತದ. ನನ್ನ ಮಾತು ನಂಬ್ರಿ."

ಅದು ನಮ್ಮ ಹುಲಿಗಳ ಬಂಡೀಪುರ ಅಲ್ಲವೆಂದು ತಿಳಿಸಿ ಹೇಳುವುದರಲ್ಲೇ ಅರ್ಧ ದಾರಿ ಮುಗಿಯಿತು. ನಿವೃತ್ತ ಶಿಕ್ಷಕಿ ಭುವನೇಶ್ವರಿ ಟೀಚರು ಕಠ್ಮಂಡು ಬಜಾರಿನ ಮಣಿಸರದ ಆಸೆ ಬಿಟ್ಟುಕೊಟ್ಟ ಸಿಟ್ಟಿಗೆ ಮುಖ ಊದಿಸಿದ್ದರು. ಪಕ್ಕದ ಕಿರಾಣಿ ಅಂಗಡಿಯ ಪರಮಣ್ಣನಿಗೆ ಬಾಯಿ ಸುಮ್ಮನಿರಲಾರದು.

"ಗುಡ್ಡ ನೋಡಾಕ ಇಷ್ಟು ದೂರ ಬರಬೇಕಿತ್ತೇನೋ ಹಂಪಣ್ಣ? ನಮ್ಮೂರಾಗ ಬುದ್ಧ ಮಲಗಿದಂಗಿರೂ ಗುಡ್ಡ ಪುಕ್ಕಟ ಕಾಣ್ತದ!"

ಡ್ರೈವರ್ ಫಕ್ರುದ್ದೀನ ಕನ್ನಡಿಯಲ್ಲೇ ನೋಡಿ ಹೇಳಿದ: "ಸಾವಕಾರ್ರ, ಬೆಟ್ಟ ಕಾಣಲಿಲ್ಲಂದ್ರ ಶಹಾಪುರ ಮುಟ್ಟೂತನಕ ಇವರು ನಿಮ್ಮನ್ನ ಬಿಡಂಗಿಲ್ರಿ."

ಬಂದೀಪುರದ ಬಜಾರಿನೊಳಗೆ ಗಾಡಿ ಬಿಡುವುದಿಲ್ಲ. ಬಸ್ಸು ಕೆಳಗೇ ನಿಂತಿತು. ಎಲ್ಲರ ಗಂಟೂ ಎಂದಿನಂತೆ ಹಂಪಣ್ಣನ ಹೆಗಲಿಗೇ ಬಂತು. ಕಲ್ಲುಹಾಸಿನ ಬೀದಿ, ಎರಡೂ ಕಡೆ ಕೆತ್ತನೆಯ ಕಿಟಕಿಗಳು, ಸೂರಿಗೆ ತೂಗುಬಿಟ್ಟ ಮೆಕ್ಕೆಜೋಳದ ತೆನೆಗಳು. ಕಟ್ಟೆಯ ಮೇಲೊಬ್ಬ ಮುದುಕಿ ಮೊರದಲ್ಲಿ ಅವಲಕ್ಕಿ ಹಸನು ಮಾಡುತ್ತಿದ್ದಳು. "ಏ, ಇವರೂ ಅವಲಕ್ಕಿ ತಿಂತಾರ ನೋಡ್ರಿ!" ಎಂದು ಸೂಗಮ್ಮ ಅಲ್ಲೇ ಕುಳಿತಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಇಬ್ಬರೂ ನೋಯುವ ಮೊಣಕಾಲು ತೋರಿಸಿಕೊಂಡು ಬಹಳ ಹೊತ್ತು ಮಾತಾಡಿದರು.

ಊರ ಮೇಲಿನ ಬಯಲಿಗೆ ಹತ್ತಿ ನೋಡಿದರೆ, ಬೆಟ್ಟವೆಲ್ಲಿ? ನೀರೊಲೆಯ ಹಂಡೆ ಕುದಿಯಲು ಹತ್ತಿದಂತೆ ಬರೀ ಮಂಜು. ಚಹಾ ಮಾರುವ ಹೆಂಗಸು ಹಿಂದಿಯಲ್ಲಿ, ಸಂಜೆ ತೆರೆದರೂ ತೆರೆಯಬಹುದು ಎಂದಳು. ಮಂದಿ ರೊಟ್ಟಿ ಶೇಂಗಾ ಚಟ್ನಿ ತಿಂದರು, ಕಾದರು, ಆಮೇಲೆ ಎಲ್ಲರೂ ಹಂಪಣ್ಣನನ್ನೇ ನೋಡತೊಡಗಿದರು. ಸೂಗಮ್ಮ ಮಾತ್ರ ಮಂಜನ್ನು ನೋಡುತ್ತಿದ್ದಳು. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಆ ಹೊತ್ತಿಗೆ ಎದುರಿನ ಗುಡ್ಡದ ಅಂಚಿಗೆ ಒಂದು ಬಿಳಿ ತುಣುಕು ಇಣುಕಿತು.

"ಅಗೋ! ಅದ ನೋಡ್ರಿ ಹಿಮಾಲಯ!" ಹಂಪಣ್ಣನ ಬಾಯಿ ತಾನಾಗಿ ಹೇಳಿಬಿಟ್ಟಿತ್ತು.

ಪರಮಣ್ಣ ಏನೋ ಹೇಳಲು ಬಾಯಿ ತೆರೆದವನು, ಟೀಚರು ಮೊಣಕೈಯಿಂದ ತಿವಿದ ಮೇಲೆ ಮುಚ್ಚಿಕೊಂಡು, ಗಂಟಿನಲ್ಲಿದ್ದ ತೆಂಗಿನಕಾಯಿ ತೆಗೆದು ಬೆಟ್ಟಕ್ಕೆ ಒಡೆದ. "ಎಷ್ಟು ಛಂದ ಅದರಿ!" ಎಂದರು ಟೀಚರು. ಫಕ್ರುದ್ದೀನ "ಮಾಶಾಲ್ಲಾ" ಎಂದ. ಎಲ್ಲರೂ ಫೋಟೊ ತೆಗೆದುಕೊಂಡರು. ಸೂಗಮ್ಮ ಕೈಮುಗಿದಳು, ಕಣ್ಣು ತುಂಬಿದ್ದವು. ಹಂಪಣ್ಣ ಅವಳ ಮುಖದಿಂದ ಕಣ್ಣು ಕಿತ್ತು ಗುಡ್ಡದ ಕಡೆ ನೋಡಿದ. ಅಷ್ಟರಲ್ಲಿ ಹಿಮಾಲಯ ಮೆಲ್ಲಗೆ ಎಡಕ್ಕೆ ಸರಿಯಲು ಶುರುಮಾಡಿತ್ತು. "ಚಾ ಕುಡಿಯೂಣು ನಡ್ರಿ" ಎಂದು ಅವನೇ ಎಲ್ಲರನ್ನೂ ತಿರುಗಿಸಿದ.

ಸಂಜೆ ಬಸ್ಸು ಹತ್ತಿದ ಮೇಲೆ ಚಟ್ನಿ ಡಬ್ಬಿ ಮೇಲೆಯೇ ಉಳಿದದ್ದು ಗೊತ್ತಾಯಿತು. ತರುವವರು ಯಾರು? ಹಂಪಣ್ಣನೇ. ಏದುಸಿರು ಬಿಡುತ್ತ ಬಯಲಿಗೆ ಬಂದು ಡಬ್ಬಿ ಎತ್ತಿಕೊಂಡ. ಗುಡ್ಡದ ಅಂಚು ಖಾಲಿ ಇತ್ತು. ಚಹಾದ ಹೆಂಗಸು ಅವನ ತೋಳು ಹಿಡಿದು, "ಊಪರ್, ಊಪರ್" ಎಂದಳು.

ಹಂಪಣ್ಣ ಕತ್ತೆತ್ತಿದ. ಶಹಾಪುರದವರು ಚುಕ್ಕಿ ನೋಡುವ ಕಡೆ ಬೆಟ್ಟ ನಿಂತಿತ್ತು. ಇಡೀ ದಿನ ಮಾಳಿಗೆಯ ಎತ್ತರದಲ್ಲಿ ಹುಡುಕಿದ್ದರು ಇವರು. ಅದು ಮೋಡಗಳ ಮೇಲೆ, ಸಂಜೆಯ ಬಿಸಿಲಿನಲ್ಲಿ, ಯಾರಿಗೂ ಕಾಯದೆ ಸುಮ್ಮನೆ ನಿಂತಿತ್ತು. "ಶಿವನೇ" ಎಂದು ಡಬ್ಬಿ ಕೆಳಗಿಟ್ಟು ಅಡ್ಡಬಿದ್ದ. ಎದ್ದವನಿಗೆ ಮೊದಲು ನೆನಪಾದವಳು ಸೂಗಮ್ಮ. ಫೋನಿನಲ್ಲಿ ಒಂದು ಫೋಟೊ ಹೊಡೆದು, ಬಿದ್ದು ಎದ್ದು ಕೆಳಗೆ ಓಡಿದ.

"ಏಳ್ರಿ! ಕಾಣ್ತು! ಮಧ್ಯಾಹ್ನದ್ದು ಮೋಡರಿ, ನಾ ಸುಳ್ಳು ಹೇಳಿದ್ದೆ. ಈಗ ಖರೇ ಬೆಟ್ಟ ನಿಂತದ!"

ಬಸ್ಸಿನಲ್ಲಿ ಯಾರೂ ಅಲುಗಲಿಲ್ಲ.

"ಮೋಡ ಅಂತ ಗೊತ್ತದ, ಕುಂದರ್ರಿ" ಎಂದರು ಟೀಚರು ಸಮಾಧಾನದಿಂದ. "ದಾರಿ ತುಂಬ ಎಲ್ಲಾರ ಗಂಟು ಹೊತ್ತೀರಿ. ನಿಮ್ಮ ಮಾರಿ ನೋಡಿ ಇಲ್ಲ ಅನ್ನಾಕ ಮನಸಾಗಲಿಲ್ಲ."

"ನನಗ ಕಾಯಿ ಒಡಿಯಾಕ ಹಚ್ಚಿದ್ರು" ಎಂದು ಪರಮಣ್ಣ ಗೊಣಗಿದ.

"ಆದ್ರ ಈಗಿಂದು ಖರೇರಿ! ಗುಡ್ಡದಾಗ ಅಲ್ಲ, ಆಕಾಶದಾಗ ಅದ!"

"ಆಕಾಶದಾಗ ಗುಡ್ಡ? ಒಂದು ದಿನಕ್ಕ ಒಂದ ಸುಳ್ಳು ಸಾಕೋ ಮಾರಾಯ" ಎಂದ ಪರಮಣ್ಣ.

ಹಂಪಣ್ಣ ಫೋನು ಚಾಚಿದ. ಅದು ಕೈಯಿಂದ ಕೈಗೆ ಹೋಯಿತು. ಅಷ್ಟು ದೊಡ್ಡ ಬೆಟ್ಟ ಅದರಲ್ಲಿ ಸುಣ್ಣದ ಕಲೆಯಷ್ಟಾಗಿತ್ತು. "ಮಧ್ಯಾಹ್ನದ್ದ ಛಲೋ ಬಂದಿತ್ತು" ಎಂದು ಟೀಚರು ಫೋನು ಮರಳಿ ಕೊಟ್ಟರು. "ಕತ್ತಲಾಗೂದ್ರಾಗ ಘಾಟ್ ಇಳೀಬೇಕ್ರಿ, ನಿಂದ್ರಾಕ ಆಗೂದಿಲ್ಲ" ಎಂದು ಫಕ್ರುದ್ದೀನ ಗಾಡಿ ಚಾಲೂ ಮಾಡಿದ.

ಉಳಿದವಳು ಸೂಗಮ್ಮ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಕಾಲು ಬಾತಿದ್ದವು.

"ನಿನಗೂ ಮೋಡ ಅಂತ ಗೊತ್ತಿತ್ತೇನು?" ಅವನ ದನಿ ಇಳಿದಿತ್ತು.

"ಗುಡ್ಡ ಸರದಾಡ್ತಾವೇನ್ರಿ? ನನ್ನ ಸಲುವಾಗಿ ಅಷ್ಟು ಮಂದಿ ಮುಂದ ಸುಳ್ಳು ಹೇಳಿದ್ರಲ್ಲ, ಅದಕ್ಕ ಕಣ್ಣೀರು ಬಂತು." ಆಮೇಲೆ ಸೆರಗು ಸರಿಮಾಡಿಕೊಂಡು ಅವನನ್ನೇ ನೋಡಿದಳು. "ಈಗ ಆಣಿ ಮಾಡಿ ಹೇಳ್ರಿ. ಬೆಟ್ಟೇನು, ಮೋಡೇನು? ಬೆಟ್ಟ ಅಂದ್ರ ತೆವಳಿಕೋತ ಆದರೂ ಬರ್ತೀನಿ."

ಹಂಪಣ್ಣ ಅವಳ ಕಾಲು ನೋಡಿದ. ಮೇಲಿನ ಹಾದಿ ನೋಡಿದ. ಬಸ್ಸು ಆಗಲೇ ಹೊರಳುತ್ತಿತ್ತು. ಬೆಟ್ಟ ಎಂದರೆ ಅವಳು ಇಳಿಯುವಳು, ಇಳಿದರೂ ಮುಟ್ಟಲಾರಳು, ಉಳಿದ ಆಯುಷ್ಯವೆಲ್ಲ ಅದನ್ನೇ ನೆನೆಯುವಳು.

"ಮೋಡನ" ಎಂದ.

"ನನಗ ಗೊತ್ತಿತ್ತು" ಎಂದು ಅವಳು ನಕ್ಕು ಅವನ ಕೈಗೆ ರೊಟ್ಟಿ ಇಟ್ಟಳು.

ಹಂಪಣ್ಣ ರೊಟ್ಟಿ ಮುರಿದ. ಅದೇ ಹೊತ್ತಿಗೆ ಹಿಂದಿನ ಸೀಟಿನಿಂದ ಪರಮಣ್ಣನ ದನಿ ಬಂತು:

"ಏ ಹಂಪಣ್ಣ, ಚಟ್ನಿ ಡಬ್ಬಿ ಎಲ್ಲಿ ಅದೋ?"