ದೊಡ್ಡಪತ್ರೆಗೆ ಕಂಬಳಿ ಹೊದಿಸಿದ ಪ್ರಕರಣ

ಔಷಧಿ ಸಸ್ಯಗಳ ಶೈತ್ಯ ಸಂಶೋಧನಾ ಘಟಕ, ಜಿಗಣಿ
ಸಂಖ್ಯೆ: ಔಸಶೈ/ಚಳಿ/೧೭

ವಿಷಯ: ಶೈತ್ಯ ಕೊಠಡಿಯ ಎರಡನೇ ಸಾಲಿನ ದೊಡ್ಡಪತ್ರೆ ಗಿಡಗಳು ನಿಯಮಾನುಸಾರ ಬಾಡದಿರುವ ಬಗ್ಗೆ.
ಉಲ್ಲೇಖ: ಮುನಿಯಕ್ಕನವರಿಗೆ ನೀಡಲಾದ ಮೌಖಿಕ ಎಚ್ಚರಿಕೆ ಹಾಗೂ ಅದಕ್ಕೆ ಅವರು ಕೊಟ್ಟ ಉತ್ತರ.

ಸತುವಿನ ನ್ಯಾನೊ ಕಣಗಳನ್ನು ಸಿಂಪಡಿಸಿದರೆ ಔಷಧಿ ಗಿಡಗಳು ಚಳಿ ತಡೆಯುತ್ತವೆಂದು ಸಾಬೀತುಪಡಿಸಲು ದೊಡ್ಡಪತ್ರೆಯ ಎರಡು ಸಾಲುಗಳನ್ನು ಕೊಠಡಿಯಲ್ಲಿ ಇಡಲಾಗಿರುತ್ತದೆ. ಮೊದಲನೇ ಸಾಲಿಗೆ ಸಿಂಪಡಿಸಲಾಗಿದ್ದು, ಅದು ನಳನಳಿಸತಕ್ಕದ್ದು. ಎರಡನೆಯದಕ್ಕೆ ಏನನ್ನೂ ಸಿಂಪಡಿಸಿಲ್ಲವಾದ್ದರಿಂದ ಅದು ಬಾಡತಕ್ಕದ್ದು. ಆದರೆ ಸ್ವಚ್ಛತಾ ಸಿಬ್ಬಂದಿ ಮುನಿಯಕ್ಕನವರು ಸಂಜೆ ಗುಡಿಸಿ ಹೋಗುವಾಗ ಎರಡನೇ ಸಾಲಿಗೆ ಮಾತ್ರ ಕಂಬಳಿ ಹೊದಿಸಿ, ಬೆಳಿಗ್ಗೆ ಬಂದು ಮಡಚಿಡುತ್ತಿದ್ದುದರಿಂದ, ಆ ಸಾಲೇ ಹೆಚ್ಚು ಸೊಂಪಾಗಿ ಬೆಳೆದಿರುತ್ತದೆ. ಸೋಮವಾರ ಪರಿಶೀಲನಾ ಸಮಿತಿ ಬರಲಿದ್ದು, ಯೋಜನೆಯೇ ರದ್ದಾಗುವ ಸಂಭವವಿರುವ ಕಾರಣ ಸಕಲರಿಗೂ ಸೂಚಿಸುವುದೇನೆಂದರೆ:

೧. ಪ್ರಯೋಗದ ಅವಧಿಯಲ್ಲಿ ಗಿಡಗಳ ಮೇಲೆ ಕನಿಕರಪಡುವುದನ್ನು ನಿಷೇಧಿಸಲಾಗಿದೆ. ಪಡಲೇಬೇಕಾದಲ್ಲಿ ಎರಡೂ ಸಾಲುಗಳ ಮೇಲೆ ಸಮಪ್ರಮಾಣದಲ್ಲಿ ಪಡತಕ್ಕದ್ದು.

೨. 'ಆ ಸಾಲ್ಗೆ ನೀವೇ ಔಸ್ದಿ ಒಡ್ದಿದ್ದೀರಿ ಸಾ, ಅವ್ಕೇನೂ ಆಗಕಿಲ್ಲ. ಇವ್ಕೆ ಯಾರವ್ರೆ? ಇಂಗೆ ನಡುಗ್ತಾ ನಿಂತವೆ' ಎಂಬ ಮುನಿಯಕ್ಕನವರ ವಿವರಣೆಯನ್ನು ತಿರಸ್ಕರಿಸಲಾಗಿದೆ. ಯಾರೂ ಇಲ್ಲದಿರುವುದೇ ಎರಡನೇ ಸಾಲಿನ ಕರ್ತವ್ಯವಾಗಿರುತ್ತದೆ.

೩. ನ್ಯಾನೊ ದ್ರಾವಣವನ್ನು ಸಿಬ್ಬಂದಿಯು ತಮ್ಮ ಸ್ವೆಟರಿಗೆ ಸಿಂಪಡಿಸಿಕೊಳ್ಳುವಂತಿಲ್ಲ. ಸಹಾಯಕ ಲೋಕೇಶ್ ಹೀಗೆ ಮಾಡಿ 'ಸಕ್ಕತ್ ಬೆಚ್ಚಗಿದೆ ಗುರು' ಎಂದಿರುವುದನ್ನು ಸಂಶೋಧನೆಯ ಫಲಿತಾಂಶವೆಂದು ಪರಿಗಣಿಸಲಾಗಿಲ್ಲ.

೪. ಎರಡನೇ ಸಾಲಿನ ಮುಂದೆ 'ಪಾಪ' ಎನ್ನುವಂತಿಲ್ಲ, ಲೊಚಗುಟ್ಟುವಂತಿಲ್ಲ. ಕಂಬಳಿ ಜಪ್ತಿ ಮಾಡಲು ಕಳುಹಿಸಲಾಗಿದ್ದ ಸಂಶೋಧಕಿ ವೇಣಿ ಅವರು, ಸರಿದಿದ್ದ ಅದರ ತುದಿಯನ್ನು ಸರಿಯಾಗಿ ಹೊದಿಸಿ ಬಂದಿರುತ್ತಾರೆ. ಜಪ್ತಿ ಬಾಕಿ ಇರುತ್ತದೆ.

೫. ಎರಡನೇ ಸಾಲು ಭಾನುವಾರದೊಳಗೆ ಬಾಡತಕ್ಕದ್ದು. ಬಾಡುವ ಲಕ್ಷಣ ಕಾಣದಿರುವುದರಿಂದ ಕಿತ್ತು ಗೊಬ್ಬರದ ಗುಂಡಿಗೆ ಹಾಕಬೇಕಾಗಿದ್ದು, ಈ ಕೆಲಸಕ್ಕೆ ಯಾರೂ ಒಪ್ಪದ ಕಾರಣ ಕೆಳಗೆ ಸಹಿ ಮಾಡಿರುವವರೇ ಖುದ್ದಾಗಿ ಕೊಠಡಿಗೆ ತೆರಳಿದ್ದರು. ಅಲ್ಲಿ ಗಿಡವೊಂದಕ್ಕೆ ಕೈಹಾಕಿದಾಗ ಹೊಸ ಕುಡಿ ಕಂಡುಬಂದು, ಬೇರೆ ತುರ್ತು ಕೆಲಸ ನೆನಪಾಗಿ, ಹಿಂದಿರುಗಿರುತ್ತಾರೆ.

೬. ಆದ್ದರಿಂದ ಸದರಿ ಗಿಡಗಳು ಮೃತಪಟ್ಟಿವೆಯೆಂದು ಕಡತದಲ್ಲಿ ನಮೂದಿಸಿ, ಕುಂಡ ಸಮೇತ ಇಂದೇ ವಿಲೇವಾರಿ ಮಾಡಲು ಆದೇಶಿಸಲಾಗಿದೆ. ವಿಲೇವಾರಿ ಸ್ಥಳ: ಮುನಿಯಕ್ಕನವರ ಮನೆಯಂಗಳ, ಬಿಸಿಲು ಬೀಳುವ ಬದಿ. ಮೃತಪಟ್ಟ ನಂತರ ಅವು ಚಿಗುರಿದಲ್ಲಿ ಈ ಕಚೇರಿ ಹೊಣೆಯಲ್ಲ.

ಸಹಿ/-
(ಪಂಚಾಕ್ಷರಿ)
ಉಪನಿರ್ದೇಶಕರು

ಪ್ರತಿಗಳು:
೧. ಪರಿಶೀಲನಾ ಸಮಿತಿಗೆ: ಕಳುಹಿಸತಕ್ಕದ್ದಲ್ಲ.
೨. ಸಂಶೋಧಕಿ ವೇಣಿ ಅವರಿಗೆ: ಮರಣದ ಕಾರಣ ಬರೆಯಲು.
೩. ಸಹಾಯಕ ಲೋಕೇಶ್ ಅವರಿಗೆ: ಕುಂಡಗಳನ್ನು ಅಲುಗಾಡದಂತೆ ಹೊರಲು.
೪. ಮುನಿಯಕ್ಕನವರಿಗೆ: ಗಿಡಗಳೊಂದಿಗೆ.