ಏಳನೇ ಅಧ್ಯಾಯದಲ್ಲಿ ನಾನು ಮಾಡಿದ ಕೊಲೆ

"ಅತ್ತೆ, ಚಿಂತೆ ಬಿಡಿ! ದಿನಾ ಸಂಜೆ ನಾನು ಓದಿ ಹೇಳ್ತೀನಿ. ಒಂದಕ್ಷರ ಬಿಡೋದಿಲ್ಲ!"

ಎದೆ ತಟ್ಟಿಕೊಂಡು ಹೀಗೆ ಘೋಷಿಸಿದವನು ನಾನೇ. ಅತ್ತೆಗೆ ಕಣ್ಣಿನ ಆಪರೇಷನ್ ಆಗಿತ್ತು. ಒಂದು ತಿಂಗಳು ಪುಸ್ತಕ ಮುಟ್ಟಬಾರದು ಎಂದಿದ್ದರು ಡಾಕ್ಟರು. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದ ಹೆಂಗಸಿಗೆ ಅದು ಅನ್ನ ನೀರು ಬಿಡಿಸಿದಂತೆ!

"ಒಂದಕ್ಷರಾನೂ?" ಎಂದಳು ಹೆಂಡತಿ, ಪೇಪರಿನಲ್ಲಿ ತಲೆಬರಹ ಬಿಟ್ಟು ಬೇರೇನೂ ಓದದ ಗಂಡನನ್ನು ನೋಡುತ್ತಾ.

ಅತ್ತೆ ಆರಿಸಿದ್ದು ಐನೂರು ಪುಟದ ಕಾದಂಬರಿ. ಅದರಲ್ಲಿ ಗಡಿಯಾರ ರಿಪೇರಿಯ ಒಬ್ಬ ಚಿಕ್ಕಪ್ಪ. ಬಾಯಿ ತೆರೆದರೆ ನಾಲ್ಕು ಪುಟ! ಮೊದಲು ಅವನ ಮಾತಿನ ಒಂದೆರಡು ಸಾಲು ಹಾರಿಸಿದೆ. ಆಮೇಲೆ ಪ್ಯಾರಾ. ಆಮೇಲೆ ಪುಟ. ಏಳನೇ ಅಧ್ಯಾಯದ ಹೊತ್ತಿಗೆ ಗಂಟಲು ಒಣಗಿತ್ತು, ತಾಳ್ಮೆ ಅದಕ್ಕಿಂತ ಮೊದಲೇ ಒಣಗಿತ್ತು. ಗಂಭೀರವಾಗಿ ಓದಿದೆ: "ಅಂದು ಚಿಕ್ಕಪ್ಪನಿಗೆ ಜ್ವರ ಬಂತು. ಮರುದಿನ ಹೋಗಿಬಿಟ್ಟ."

ಅತ್ತೆಯ ಕಪ್ಪು ಕನ್ನಡಕದ ಕೆಳಗಿನಿಂದ ನೀರು ಇಳಿಯಿತು.

"ಥೇಟ್ ನಿಮ್ಮ ಮಾವನವರ ಥರಾನೇ ಮಾತಾಡೋನು. ಅವರೂ ಹೀಗೇ, ಹೇಳದೇ ಕೇಳದೇ ಹೋದ್ರು" ಎಂದು ಕಣ್ಣುಜ್ಜಿಕೊಂಡರು.

ಉಜ್ಜಬಾರದಿತ್ತು! ಬೆಳಗ್ಗೆ ಕಣ್ಣು ಕೆಂಪಗಾಗಿ, ಡಾಕ್ಟರು ಇನ್ನೂ ಹದಿನೈದು ದಿನ ಪುಸ್ತಕ ಬಂದ್ ಮಾಡಿದರು. ಆಗಲೇ ತಪ್ಪೊಪ್ಪಿಕೊಳ್ಳಬಹುದಿತ್ತು. ಕೊಲ್ಲುವಾಗ ಇದ್ದ ಧೈರ್ಯ ಬದುಕಿಸುವಾಗ ಬರಲಿಲ್ಲ.

ಶನಿವಾರ ಲೈಬ್ರರಿಯಲ್ಲಿ ಓದುಗರ ಕೂಟ. ಯಾರು ಏನು ಓದುತ್ತಿದ್ದಾರೆ, ಹೇಗನ್ನಿಸಿತು ಎಂದು ಹೇಳಬೇಕು. ಅತ್ತೆಯ ಕೈ ಹಿಡಿದು ಕರೆದುಕೊಂಡು ಹೋದವನೂ ನಾನೇ!

ಅತ್ತೆ ಎದ್ದು ನಿಂತರು. "ಬರೆದೋನಿಗೆ ಕರುಳೇ ಇಲ್ಲ. ಅಂಥ ಚಿಕ್ಕಪ್ಪನ್ನ ಎರಡು ಸಾಲಲ್ಲಿ ಮುಗಿಸಿಬಿಟ್ಟಿದಾನೆ!"

ಔಷಧಿ ಅಂಗಡಿಯಾಕೆಯೂ ಅದನ್ನೇ ಓದುತ್ತಿದ್ದರು. "ಮುಗಿಸೋದಾ? ನಾನು ಮುನ್ನೂರನೇ ಪುಟದಲ್ಲಿದೀನಿ. ಈಗ ತಾನೇ ಛತ್ರಿ ಕಳಕೊಂಡು ಜಗಳ ಆಡ್ತಿದಾನೆ!"

"ಏಳನೇ ಅಧ್ಯಾಯದಲ್ಲಿ ಜ್ವರ ಬಂದು ಹೋದನಲ್ಲ?"

"ಏಳರಲ್ಲಿ ಜ್ವರ ಹಾಗಿರಲಿ, ನೆಗಡೀನೂ ಇಲ್ಲ!"

ಲೈಬ್ರರಿಯನ್ ಪುಸ್ತಕ ತಂದು ಪುಟ ತಿರುವಿದರು. ನಾನು ನನ್ನ ಚಪ್ಪಲಿಗಳ ಸೂಕ್ಷ್ಮ ಅಧ್ಯಯನದಲ್ಲಿ ತೊಡಗಿದೆ.

"ಅಳಿಯಂದ್ರೇ," ಎಂದರು ಅತ್ತೆ, "ಇಡೀ ಜೀವಮಾನ ಬಿಟ್ಟುಹೋದ ಅಕ್ಷರ ಹುಡುಕಿದೀನಿ. ಬಿಟ್ಟುಹೋದ ಮನುಷ್ಯ ಸಿಕ್ಕಿದ್ದು ಇವತ್ತೇ!"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. "ಮೂರು ದಿನ ಅತ್ತಿದೀನಿ" ಎಂದರು ಮೆಲ್ಲಗೆ.

ನಗುವಿಗಿಂತ ಅದು ಹೆಚ್ಚು ಚುಚ್ಚಿತು. ಅಂದು ಸಂಜೆಯೇ ಏಳನೇ ಅಧ್ಯಾಯದಿಂದ ಮತ್ತೆ ಶುರು. ಪಕ್ಕದಲ್ಲಿ ಹೆಂಡತಿ, ಸಾಲಿನ ಮೇಲೆ ಅವಳ ಬೆರಳು. "ರೀ, 'ಆದರೆ' ಬಿಟ್ರಿ!" ದಿನ ಕಳೆದಂತೆ ವಿಚಿತ್ರವಾಯಿತು: ಚಿಕ್ಕಪ್ಪ ಯಾವಾಗ ಬಾಯಿ ತೆರೆಯುತ್ತಾನೋ ಎಂದು ನಾನೇ ಕಾಯತೊಡಗಿದೆ. ಅವನಿಗಾಗಿ ಆಫೀಸಿನಿಂದ ಬೇಗ ಬರತೊಡಗಿದೆ.

ಕೊನೆಯ ಅಧ್ಯಾಯದಲ್ಲಿ ಚಿಕ್ಕಪ್ಪ ನಿಜವಾಗಿಯೇ ತೀರಿಕೊಂಡ. ಅಕ್ಷರಗಳು ಮಂಜಾದವು. ಹೆಂಡತಿಯ ಬೆರಳು ಸಾಲಿನ ಮೇಲೇ ನಿಂತಿತ್ತು. ನಾನು ಮೂಗೆಳೆದುಕೊಂಡೆ.

ಅತ್ತೆ ತಮ್ಮ ಕರವಸ್ತ್ರ ನನ್ನ ಕೈಗಿಟ್ಟರು.

"ನೀವೇ ಕೊಂದಾಗ ಒಂದು ಹನಿ ನೀರು ಬರಲಿಲ್ಲವಲ್ಲ ಅಳಿಯಂದ್ರೇ, ಈಗ ಅವನಾಗಿ ಅವನು ಹೋದ್ರೆ ಯಾಕಿಷ್ಟು ಅಳು?"