ರೋಮನರ ಗೋಡೆ, ನಮ್ಮ ಮಂದಿ

ನಗಬಾರದ ಜಾಗದಲ್ಲೇ ನನಗೆ ನಗು ಬರುವಂಥದ್ದು ನಡೆಯುತ್ತದೆ, ಅದು ನನ್ನ ಹಣೆಬರಹ. ತೊಂಬತ್ತರ ದಶಕದ ಕೊನೆಗೆ ಧಾರವಾಡದಿಂದ ಮದುವೆಯಾಗಿ ಲಂಡನ್ನಿನ ಹೌನ್ಸ್ಲೋಗೆ ಬಂದವಳು ಅದೇ ನಗರದ ಒಂದು ಪುಟ್ಟ ಮ್ಯೂಸಿಯಮ್ಮಿನಲ್ಲಿ ಕಾವಲಿನ ಕೆಲಸ ಹಿಡಿದೆ. ಮೇಲಂತಸ್ತಿನಲ್ಲಿ ಆ ಊರಿನ ಹಳೇ ಫೋಟೋ, ಪಾತ್ರೆ ಪಗಡ. ನೆಲಮಾಳಿಗೆಯಲ್ಲಿ ರೋಮನರ ಸ್ನಾನದ ಮನೆಯ ಪಾಳುಗೋಡೆಗಳು. ಆರು ತಿಂಗಳು ತಪ್ಪಿಲ್ಲದೆ ದಾಟಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ನನಗಂತೂ ಕೆಲಸ ಬೇಕೇ ಬೇಕಿತ್ತು. ಒಬ್ಬಳೇ ಕೂತು ಫ್ಲ್ಯಾಟಿನ ಗೋಡೆ ನೋಡುವುದಕ್ಕಿಂತ ರೋಮನರ ಗೋಡೆ ನೋಡುವುದು ವಾಸಿ.

ಎಮ್ಮೆ ಕಟ್ಟುವ ಗೋಡೆ

ಲಂಡನ್ನಿನದೇ ಪಾರ್ಕ್ ರಾಯಲ್‌ನಲ್ಲಿ ಬ್ರೆಡ್ ಕಾರ್ಖಾನೆಗೆ ಹೋಗುತ್ತಿದ್ದ ವಿಜಾಪುರದ ಪರಿಚಯದವರೊಬ್ಬರು ಬಂದರು. ಗೋಡೆಯನ್ನು ನೋಡೇ ನೋಡಿದರು. "ಇದನ್ನ ನೋಡಾಕ ಎರಡು ಬಸ್ ಬದಲಿ ಮಾಡಿ ಬಂದ್ನೇನ್ರೀ? ನಮ್ಮೂರಾಗ ಇದಕ್ಕಿಂತ ಚಂದನ ಗ್ವಾಡಿಗೆ ಎಮ್ಮಿ ಕಟ್ಟತೀವಿ!"

ಮ್ಯೂಸಿಯಮ್ಮಿನ ಮುಖ್ಯಸ್ಥರು, ನಮ್ಮ ಇಂಗ್ಲಿಷ್ ಸಾಹೇಬರು, ಅಲ್ಲೇ ಇದ್ದರು. ಏನಂದರು ಎಂದು ಕೇಳಿದರು. "ಊರು ನೆನಪಾಯಿತಂತೆ" ಎಂದೆ. ಸಾಹೇಬರ ಕಣ್ಣು ಒದ್ದೆಯಾಯಿತು. ಅದನ್ನೇ ಅವರ ಭಾಷೆಯಲ್ಲಿ ಬರೆದುಕೊಡಲಿ ಎಂದು ಹಾಳೆ ಕೊಟ್ಟರು. ಆ ಪುಣ್ಯಾತ್ಮ ಎಮ್ಮೆ ಮಾತನ್ನೇ ಒಂದಕ್ಷರ ಬಿಡದೆ ಹಾಗೇ ಬರೆದ. ಆ ಹಾಳೆ ಚೌಕಟ್ಟಿನಲ್ಲಿ ಕೂತು ಬಾಗಿಲಲ್ಲೇ ನೇತಾಡಿತು. ಇಡೀ ಕಟ್ಟಡದಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ!

ಎಣ್ಣೆ ಸ್ನಾನ

ಪಕ್ಕದ ಫ್ಲ್ಯಾಟಿನ ಉಡುಪಿಯ ಬಾಯಮ್ಮ, ನರ್ಸು, ಬಾಯಿ ಜೋರು, ಒಂದು ರಜಾದಿನ ನೋಡಲು ಬಂದಳು. ರೋಮನರು ಮೈಗೆಲ್ಲ ಎಣ್ಣೆ ತಿಕ್ಕಿ, ಬಿಸಿ ಕೋಣೆಯಲ್ಲಿ ಬೆವರಿ, ದಿನಾ ಸ್ನಾನ ಮಾಡುತ್ತಿದ್ದರು ಎಂದು ಸಾಹೇಬರು ವಿವರಿಸಿದರು. ಬಾಯಮ್ಮ ಗಂಭೀರವಾಗಿ ಕೇಳಿದಳು: "ಅವರು ಹೋದ ಮೇಲೆ ಇನ್ನು ಸ್ನಾನ ಸಾಕು ಎಂದು ನಿಮಗೆ ಹೇಳಿದವರು ಯಾರು?"

ಸಾಹೇಬರು ಕೆಮ್ಮುತ್ತಾ ಮೇಲೆ ಹೋದವರು ಸಂಜೆಯವರೆಗೆ ಕೆಳಗಿಳಿಯಲಿಲ್ಲ.

ಅಲಾರಂ

ಐದು ತಿಂಗಳು ಕಳೆದಿತ್ತು. ಕಲ್ಲುಗಳ ಸುತ್ತ ಹಗ್ಗ, ಹಗ್ಗದ ಮೇಲಿಂದ ಆಚೆಗೆ ಕೈ ಚಾಚಿದರೆ ಅಲಾರಂ. ಶಾಲೆ ಮಕ್ಕಳ ಕೃಪೆಯಿಂದ ನನ್ನ ಪಾಳಿಯಲ್ಲಿ ಅದು ಆಗಲೇ ಎರಡು ಸಲ ಹೊಡೆದಿತ್ತು. "ಇನ್ನೊಮ್ಮೆ ಆದರೆ ನಿಮ್ಮನ್ನು ಉಳಿಸಿಕೊಳ್ಳುವುದು ಕಷ್ಟ" ಎಂದಿದ್ದರು ಸಾಹೇಬರು.

ಅದೇ ವಾರ ಊರಿಂದ ಬಂದಿದ್ದ ಮಾವನವರು ಸೊಸೆಯ ಕೆಲಸ ನೋಡಲು ಬಂದರು. ನಿವೃತ್ತ ಕನ್ನಡ ಶಾಲೆ ಮಾಸ್ತರು. "ಮಾವಾರ, ಏನೂ ಮುಟ್ಟಬ್ಯಾಡ್ರಿ" ಎಂದು ಮೆಟ್ಟಿಲಿಳಿಯುವಾಗಲೇ ಕೈ ಮುಗಿದು ಹೇಳಿದ್ದೆ. ಮುಟ್ಟಲಿಲ್ಲ. ಆದರೆ ಹಗ್ಗದ ಕೆಳಗಿಂದ ಅವರ ಕಾಲು ಒಂದು ಕಲ್ಲಿಗೆ ತಾಗಿತು. ನೋಡಿದರೆ ಅದರ ಮೇಲೆ ಲ್ಯಾಟಿನ್ ಅಕ್ಷರ!

"ಅಯ್ಯೋ, ಸರಸ್ವತಿ!" ಎಂದವರೇ ಬಗ್ಗಿ, ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಲಾರಂ ಕಿಟಾರನೆ ಕಿರುಚಿತು. ಬೆಚ್ಚಿಬಿದ್ದು ಹೆಜ್ಜೆ ತಪ್ಪಿದರು, ಕಾಲು ಮತ್ತೆ ಅಕ್ಷರಕ್ಕೇ! ಮತ್ತೆ ಬಗ್ಗಿದರು. ಮತ್ತೆ ಅಲಾರಂ.

ಸಾಹೇಬರು ಓಡಿಬಂದರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ನಮ್ಮಲ್ಲಿ ಅಕ್ಷರವೆಂದರೆ ದೇವರು, ಕಾಲು ತಾಗಿದರೆ ಮುಟ್ಟಿ ಕ್ಷಮೆ ಕೇಳುತ್ತೇವೆ ಎಂದು ತೊದಲಿದೆ.

"ಯಾವ ಭಾಷೆಯಾದರೂ?"

"ಯಾವ ಭಾಷೆಯಾದರೂ."

ಸಾಹೇಬರು ಮಾವನವರ ಕೈ ಕುಲುಕಲು ಮುಂದೆ ಬಂದರು ನೋಡಿ, ಅವರದೇ ಬೂಟು ನೇರ ಆ ಅಕ್ಷರಗಳಿಗೇ ಬಡಿಯಿತು. ಮಾವನವರು ಕನ್ನಡಕದ ಮೇಲಿಂದ ಅವರನ್ನೇ ದಿಟ್ಟಿಸಿದರು. ಮನೆಗೆಲಸ ಮಾಡದೆ ಬಂದ ಹುಡುಗರನ್ನು ಮಾಸ್ತರು ನೋಡುವ ನೋಟ ಅದು. ಸಾಹೇಬರು ಕೆಂಪಾದರು. ಮೆಲ್ಲಗೆ ಬಗ್ಗಿ, ಕಲ್ಲು ಮುಟ್ಟಿ, ಕಣ್ಣಿಗೊತ್ತಿಕೊಂಡರು.

ಅಲಾರಂ!

"ನಾನೇ ಹೊಡೆಸಿದ ಮೇಲೆ ನಿಮ್ಮನ್ನು ಯಾವ ಬಾಯಿಂದ ತೆಗೆಯಲಿ?" ಎಂದರು ಸಾಹೇಬರು. ಮುಂದಿನ ತಿಂಗಳು ಕೆಲಸ ಕಾಯಂ ಎಂದೂ ಅಲ್ಲೇ ಹೇಳಿಬಿಟ್ಟರು.

ಬಸ್ಸಿನಲ್ಲಿ ನನಗೆ ಖುಷಿಗೆ ಅಳುವೇ ಬಂತು. "ಮಾವಾರ, ನಿಮ್ಮಿಂದ ನನ್ನ ಕೆಲಸಾ ಉಳೀತ್ರಿ!"

ಮಾವನವರ ಮುಖ ಇನ್ನೂ ಗಂಟು. "ಅದಿರ್ಲಿ ಬಿಡವಾ. ಆ ಮನಷ್ಯಾ ಸರಸ್ವತಿಗೆ ನಮಸ್ಕಾರ ಮಾಡೂಮುಂದ ಬೂಟು ಕಳದಿದ್ನೇನು? ನಾಳೆ ಹೇಳು ಅವಗ."